ಎರಡು ತಂತಿ, ಒಂದು ಪಿನ್ನು

ಕ್ಯಾಮೆರಾ ತಗೊಳ್ಳೋಕೆ ಮುಂಚೆ ನಾವೆಲ್ಲ ಒಂದು ತಿಂಗಳು ಯೂಟ್ಯೂಬ್ ನೋಡ್ತೀವಿ. ಲೆನ್ಸಿಗೆ ಎರಡು ವಾರ. ಕ್ಯಾಮೆರಾಗೂ ಫ್ಲ್ಯಾಶ್‌ಗೂ ಮಧ್ಯೆ ಕೂರುವ ಅಡಾಪ್ಟರ್‌ಗೆ ಮಾತ್ರ ಎರಡೇ ನಿಮಿಷ: ನಾಲ್ಕು ಸ್ಟಾರ್ ಇದ್ಯಾ, ನಾಳೆ ಬರುತ್ತಾ, ಆರ್ಡರ್. ಈ ಕ್ರಮ ತಲೆಕೆಳಗಾಗಿದೆ ಅನ್ನೋದು ನಮ್ಮ ವಾದ.

ಯಾಕೆ ಈಗ ಈ ಮಾತು ಅಂದ್ರೆ, ನಮ್ಮಲ್ಲಿ ಸುಮಾರು ಜನ ವಾರಾಂತ್ಯಕ್ಕೆ ಕ್ಯಾಮೆರಾ ಹಿಡಿದು ಪಾಕೆಟ್ ಮನಿ ದುಡಿಯುತ್ತಿದ್ದಾರೆ. ಪೀಣ್ಯದ ಸಣ್ಣ ಘಟಕಗಳಿಗೆ ವೆಬ್‌ಸೈಟಿಗೆ ಹಾಕೋಕೆ ಗೇರು, ಬುಶ್, ಫ್ಲ್ಯಾಂಜುಗಳ ಫೋಟೋ ಬೇಕು. ಎಲೆಕ್ಟ್ರಾನಿಕ್ ಸಿಟಿ ಕಂಪನಿಗಳಲ್ಲಿ ರಾಜ್ಯೋತ್ಸವ ನವೆಂಬರ್ ಪೂರ್ತಿ ನಡೆಯುತ್ತೆ. (ನವೆಂಬರ್ 1ಕ್ಕೇ ಮುಗಿಸಿದ ಕಂಪನಿ ನಾವಂತೂ ನೋಡಿಲ್ಲ.) ಲೇತ್‌ನಿಂದ ಈಗ ತಾನೇ ಇಳಿದ ಉಕ್ಕಿನ ತುಂಡು ಕನ್ನಡಿ ಇದ್ದ ಹಾಗೆ. ಕ್ಯಾಮೆರಾ ಮೇಲೇ ಫ್ಲ್ಯಾಶ್ ಇಟ್ಟು ಹೊಡೆದರೆ ಫೋಟೋದಲ್ಲಿ ಬರೋದು ಗೇರಲ್ಲ, ಒಂದು ಬಿಳಿ ಮಚ್ಚೆ. ಫ್ಲ್ಯಾಶ್ ಪಕ್ಕಕ್ಕೆ ಹೋಗಬೇಕು, ಟ್ರೇಸಿಂಗ್ ಪೇಪರ್ ಹಿಂದೆ ನಿಲ್ಲಬೇಕು. ಅಡಾಪ್ಟರ್ ಬೇಕಾಗೋದೇ ಅಲ್ಲಿ.

ಕೆಲಸ ಮಾತ್ರ ತುಂಬಾ ಸರಳ. ಶಟರ್ ಪೂರ್ತಿ ತೆರೆದ ಕ್ಷಣಕ್ಕೆ ಕ್ಯಾಮೆರಾ ಎರಡು ತಂತಿಗಳನ್ನು ಶಾರ್ಟ್ ಮಾಡುತ್ತೆ, ಫ್ಲ್ಯಾಶ್ ಹೊತ್ತಿಕೊಳ್ಳುತ್ತೆ. ಅಷ್ಟೇ. ಹಾಟ್ ಶೂನಲ್ಲಿ ನಡುವಿನ ಪಿನ್ನು ಒಂದು ತಂತಿ, ಪಕ್ಕದ ಲೋಹದ ಅಂಚು ಇನ್ನೊಂದು. ಪಿಸಿ ಸಾಕೆಟ್ ಅಂತ ಇನ್ನೊಂದಿದೆ. ಹೆಸರು ನೋಡಿ ಕಂಪ್ಯೂಟರಿಗೆ ಚುಚ್ಚೋದು ಅಂದ್ಕೋಬೇಡಿ, ಪ್ರೊಂಟಾರ್ ಮತ್ತು ಕಾಂಪುರ್ ಅನ್ನೋ ಎರಡು ಹಳೇ ಜರ್ಮನ್ ಶಟರ್‌ಗಳ ಮೊದಲಕ್ಷರ ಅದು. ಮಿಕ್ಕ ಸಣ್ಣ ಪಿನ್ನುಗಳು ಟಿಟಿಎಲ್‌ಗೆ, ಅಂದ್ರೆ ಬೆಳಕು ಎಷ್ಟು ಬೇಕು ಅಂತ ಕ್ಯಾಮೆರಾನೇ ಫ್ಲ್ಯಾಶ್‌ಗೆ ಹೇಳೋಕೆ. ಅವು ಒಂದೊಂದು ಕಂಪನಿಗೆ ಒಂದೊಂದು ಥರ. ನಡುವಿನ ಪಿನ್ನು ಮಾತ್ರ ಎಲ್ಲರ ಸ್ವತ್ತು.

ಆ ಎಲ್ಲರ ಸ್ವತ್ತನ್ನೇ ಕ್ಯಾನನ್ ತೆಗೆದುಹಾಕಿದೆ. 1500ಡಿ, 3000ಡಿ, 200ಡಿ ಮಾರ್ಕ್ 2, ಈ ಮೂರು ಮಾಡೆಲ್‌ಗಳ ಶೂ ನೋಡಿ, ನಡುವಿನ ಪಿನ್ನೇ ಇಲ್ಲ. ವಿದ್ಯಾರ್ಥಿಗಳು ಮೊದಲ ಕ್ಯಾಮೆರಾ ಅಂತ ಕೊಳ್ಳೋ ದರ್ಜೆಯವೇ ಇವು. ಕ್ಯಾನನ್‌ನದೇ ಇ-ಟಿಟಿಎಲ್ ಭಾಷೆ ಗೊತ್ತಿರೋ ಫ್ಲ್ಯಾಶ್ ಇದ್ದರೆ ಕೆಲಸ ಆಗುತ್ತೆ. ಬರೀ ಎರಡು ತಂತಿ ನಂಬಿರೋ ಶೂ-ಟು-ಪಿಸಿ ಅಡಾಪ್ಟರ್, ಅಗ್ಗದ ಮ್ಯಾನ್ಯುಯಲ್ ಟ್ರಿಗರ್, ಹಳೇ ಫ್ಲ್ಯಾಶ್, ಯಾವುದೂ ನಡೆಯಲ್ಲ. ಒಂದು ಪಿನ್ನಿನಿಂದ ಎಷ್ಟು ಪೈಸೆ ಉಳಿಯುತ್ತೆ? ಪ್ರವೇಶ ದರ್ಜೆಯ ಗ್ರಾಹಕನಿಗೆ ಕೊಡಬೇಕಾದ ಕನಿಷ್ಠ ಸ್ವಾತಂತ್ರ್ಯ ಅದು, ಅದನ್ನು ಕಿತ್ತುಕೊಂಡದ್ದು ಸರಿಯಲ್ಲ ಅಂತಲೇ ನಾವು ಹೇಳ್ತೀವಿ. ಸೋನಿ 2012ರಲ್ಲಿ ಮಿನೋಲ್ಟಾ ಕಾಲದ ಶೂ ಬಿಟ್ಟು ಮಲ್ಟಿ ಇಂಟರ್‌ಫೇಸ್ ಶೂಗೆ ಹೋಯ್ತು, ಆದರೆ ಹಳೇ ಫ್ಲ್ಯಾಶ್ ಇಟ್ಕೊಂಡಿರೋರಿಗೆ ಅಡಾಪ್ಟರ್ ಕೂಡ ಮಾಡಿ ಮಾರಿತು. ಅದು ಮರ್ಯಾದೆ.

ಪಿನ್ನಿಲ್ಲದ ಕ್ಯಾಮೆರಾ ಈಗಾಗಲೇ ಕೈಯಲ್ಲಿದ್ದರೆ ಬೇಜಾರಾಗಬೇಡಿ. ಇ-ಟಿಟಿಎಲ್ ಅರ್ಥವಾಗುವ ಮತ್ತು ನಿಮ್ಮ ಮಾಡೆಲ್ ಹೆಸರನ್ನು ಪಟ್ಟಿಯಲ್ಲಿ ಬರೆದಿರುವ ಟ್ರಿಗರ್ ಮಾತ್ರ ಕೊಳ್ಳಿ. ಇಲ್ಲದಿದ್ದರೆ ಕ್ಯಾಮೆರಾದ ಪಾಪ್-ಅಪ್ ಫ್ಲ್ಯಾಶ್ ಬೆಳಕು ನೋಡಿ ತಾನಾಗೇ ಹೊತ್ತುವ ಆಪ್ಟಿಕಲ್ ಸ್ಲೇವ್ ಇದೆ. ಅದರಲ್ಲಿ ಎಸ್2 ಮೋಡ್ ಇರಲೇಬೇಕು, ಯಾಕಂದ್ರೆ ಪಾಪ್-ಅಪ್ ಮೊದಲು ಒಂದು ಅಳತೆಯ ಮಿಂಚು ಹೊಡೆಯುತ್ತೆ, ಎಸ್1 ಅದನ್ನೇ ನಿಜ ಅಂದ್ಕೊಂಡು ಖಾಲಿಯಾಗುತ್ತೆ. ಶೆಡ್ ಒಳಗೆ ಇದು ಚೆನ್ನ. ಬಿಸಿಲಲ್ಲಿ ಭರವಸೆ ಇಲ್ಲ. ಮದುವೆ ಮನೆಯಲ್ಲಂತೂ ಯಾರೋ ಮಾವ ಫೋಟೋ ತೆಗೆದರೆ ನಿಮ್ಮ ಫ್ಲ್ಯಾಶ್ ಹೊಡೆದುಕೊಳ್ಳುತ್ತೆ.

ಇನ್ನು ನಿಜವಾಗಲೂ ಹೆದರಬೇಕಾದ ವಿಷಯ ವೋಲ್ಟೇಜು. ಊರಲ್ಲಿ ಸ್ಟುಡಿಯೋ ಮುಚ್ಚಿದ ಚಿಕ್ಕಪ್ಪನೋ, ಪರಿಚಯದ ಹಳೇ ಫೋಟೋಗ್ರಾಫರೋ "ತಗೊಂಡು ಹೋಗು ಮಗಾ" ಅಂತ ಕೊಟ್ಟ ಫ್ಲ್ಯಾಶ್ ನಮ್ಮಲ್ಲಿ ಹಲವರ ಹತ್ತಿರ ಇದೆ. ಅವುಗಳಲ್ಲಿ ಟ್ರಿಗರ್ ಕೆಪಾಸಿಟರಿನ ಪೂರ್ತಿ ವೋಲ್ಟೇಜು ಕ್ಯಾಮೆರಾದ ಎರಡು ತಂತಿಗಳ ಮೇಲೆ ಕೂತಿರುತ್ತೆ, 200 ದಾಟೋದೂ ಉಂಟು. ಆ ಕಾಲದ ಕ್ಯಾಮೆರಾದಲ್ಲಿ ಸ್ವಿಚ್ಚು ಅಂದ್ರೆ ಎರಡು ಲೋಹದ ಪಟ್ಟಿ, ಅದಕ್ಕೇನೂ ಆಗ್ತಿರಲಿಲ್ಲ. ಈಗ ಆ ಜಾಗದಲ್ಲಿ ಸೆಮಿಕಂಡಕ್ಟರ್ ಇದೆ. ಬ್ರೇಕ್‌ಡೌನ್ ವೋಲ್ಟೇಜ್ ಅನ್ನೋದು ಇಂಟರ್ನಲ್ಸ್‌ನಲ್ಲಿ ಬರೆಯೋಕೆ ಮಾತ್ರ ಅಲ್ಲ. ವಿವಿಟಾರ್ 283 ನೋಡಿ: ಜಪಾನಿನಲ್ಲಿ ಮಾಡಿದ ಮೊದಮೊದಲಿನವು 200 ವೋಲ್ಟ್ ಮೀರಿದವು, ನಂತರದವು ಹತ್ತರ ಆಸುಪಾಸು. ಹೆಸರು ಒಂದೇ, ಆಕಾರ ಒಂದೇ. ಹಾಗಾಗಿ ಮಾಡೆಲ್ ನಂಬರ್ ನಂಬಬೇಡಿ, ಮೀಟರ್ ನಂಬಿ.

ಅಳೆಯೋದು ಸುಲಭ. ಡಿಜಿಟಲ್ ಮಲ್ಟಿಮೀಟರನ್ನು ಡಿಸಿ, ಅತಿ ದೊಡ್ಡ ರೇಂಜಿಗೆ ಇಡಿ. ಫ್ಲ್ಯಾಶ್ ಆನ್ ಮಾಡಿ, ರೆಡಿ ದೀಪ ಹೊತ್ತಿದ ಮೇಲೆ ಒಂದು ಪ್ರೋಬ್ ನಡುವಿನ ಪಿನ್ನಿಗೆ, ಇನ್ನೊಂದು ಅಂಚಿನ ಲೋಹಕ್ಕೆ. 6 ವೋಲ್ಟ್ ಒಳಗೆ ಬಂದರೆ ನಿಶ್ಚಿಂತೆ. ಮೇಲೆ ಬಂದರೆ ನಿಮ್ಮ ಕ್ಯಾಮೆರಾ ಕೈಪಿಡಿ ತೆಗೀರಿ. ಕೆಲವು ಪಿಸಿ ಸಾಕೆಟ್‌ಗಳು 250 ವೋಲ್ಟ್ ತನಕ ತಾಳುತ್ತವೆ, ಆದರೆ ಅದೇ ಕೈಪಿಡಿ ಹಾಟ್ ಶೂಗೆ ಹೈ-ವೋಲ್ಟೇಜ್ ಫ್ಲ್ಯಾಶ್ ಬೇಡ ಅಂತಲೂ ಹೇಳಿರಬಹುದು. ಎರಡನ್ನೂ ಓದಿ. ಫ್ಲ್ಯಾಶ್ ಬಿಚ್ಚುವ ಉತ್ಸಾಹ ಮಾತ್ರ ಖಂಡಿತ ಬೇಡ, ಒಳಗಿನ ಮುಖ್ಯ ಕೆಪಾಸಿಟರ್ 300 ವೋಲ್ಟ್ ಹತ್ತಿರ ಚಾರ್ಜ್ ಆಗಿರುತ್ತೆ, ಬ್ಯಾಟರಿ ತೆಗೆದ ಮೇಲೂ.

ಹೆಚ್ಚು ವೋಲ್ಟೇಜ್ ಇದ್ದರೆ ಫ್ಲ್ಯಾಶ್ ಎಸೀಬೇಕಾ? ಬೇಡ. ವೈನ್ ಕಂಪನಿಯ ಸೇಫ್-ಸಿಂಕ್ ಅನ್ನೋ ಅಡಾಪ್ಟರ್ ಇದೇ ಕೆಲಸಕ್ಕೆ ಇರೋದು. ರೇಡಿಯೋ ಟ್ರಿಗರ್ ಹಾಕಿದರೆ ಆ ವೋಲ್ಟೇಜು ಬೀಳೋದು ರಿಸೀವರಿನ ಮೇಲೆ, ಕ್ಯಾಮೆರಾಗೆ ತಂತಿಯೇ ಇಲ್ಲ. ರಿಸೀವರ್ ಎಷ್ಟು ತಾಳುತ್ತೆ ನೋಡಿಕೊಂಡರೆ ಸಾಕು. ಮೂರನೇ ದಾರಿ ನಮಗೆ ಇಷ್ಟದ್ದು: ಆಪ್ಟೋಕಪ್ಲರ್. ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕಿಗೆ ಆನ್ ಆಗುವ ಟ್ರಯಾಕ್, ಮಧ್ಯೆ ವಿದ್ಯುತ್ ಸಂಪರ್ಕವೇ ಇಲ್ಲ. ಎಂಒಸಿ 3021 ಐಸಿ 400 ವೋಲ್ಟ್ ತಾಳುತ್ತೆ. ಕ್ಯಾಮೆರಾ ಕಡೆ ಎರಡು ಪೆನ್ಸಿಲ್ ಸೆಲ್, 100 ಓಮ್ ರೆಸಿಸ್ಟರ್. ಹಸಿರು ಮಾರ್ಗ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರೋಡಿನಲ್ಲಿ ಇದೆಲ್ಲ ಸಿಗುತ್ತೆ. ಮಿನಿ ಪ್ರಾಜೆಕ್ಟ್‌ಗೆ ಲೈನ್ ಫಾಲೋವರ್ ರೋಬೋ ಮತ್ತೊಮ್ಮೆ ಮಾಡೋದಕ್ಕಿಂತ ಇದು ಮೇಲು.

ಟಿಟಿಎಲ್ ಟ್ರಿಗರ್‌ಗೇ ದುಡ್ಡು ಹಾಕಿ ಅನ್ನೋರೂ ನಮ್ಮ ಕ್ಲಬ್ಬಿನಲ್ಲೇ ಇದ್ದಾರೆ. ವೇದಿಕೆ ಮೇಲೆ ಡೊಳ್ಳು ಕುಣಿತ ನಡೆಯುವಾಗ ಅವರ ಮಾತು ಸರಿ, ದೂರ ಬದಲಾಗ್ತಾನೇ ಇರುತ್ತೆ. ಆದರೆ ಮೇಜಿನ ಮೇಲೆ ಕೂತ ಗೇರು ಎಲ್ಲಿಗೂ ಓಡಲ್ಲ. ಅದಕ್ಕೆ ಮ್ಯಾನ್ಯುಯಲ್ ಫ್ಲ್ಯಾಶ್, ಒಂದು ಪಿಸಿ ಕೇಬಲ್ ಸಾಕು.

ಈ ಶನಿವಾರ ಮಧ್ಯಾಹ್ನ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಎರಡು ಮೀಟರ್ ನಮ್ಮ ಕೈಲಿರುತ್ತೆ. ಮನೇಲಿರೋ ಹಳೇ ಫ್ಲ್ಯಾಶ್ ತನ್ನಿ, ಅಳೆದು ರೀಡಿಂಗನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಂಟಿಸಿ ಕೊಡ್ತೀವಿ. ಸೆಲ್ ನಿಮ್ಮದೇ.