ವಿಮಾನದ ಮೂತಿಯ ಬಳಿಯ ಪುಟ್ಟ ಕೊಳವೆ



ಮೊನ್ನೆ ಕೈಲಾಂಚದಲ್ಲಿ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕುಳಿತಿದ್ದಾಗ ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ಮೊಮ್ಮಗಳು ಕೇಳಿದಳು: “ತಾತ, ರಸ್ತೆಯಲ್ಲಾದ್ರೆ ಮೈಲುಗಲ್ಲು ಇರುತ್ತೆ. ಅಷ್ಟು ಮೇಲಿರೋ ಪೈಲಟ್‌ಗೆ ಎಷ್ಟು ಎತ್ತರದಲ್ಲಿದ್ದೀನಿ, ಎಷ್ಟು ಜೋರಾಗಿ ಹೋಗ್ತಿದ್ದೀನಿ ಅಂತ ಹೆಂಗೆ ಗೊತ್ತಾಗುತ್ತೆ?”

“ಗಾಳಿನೇ ಹೇಳುತ್ತೆ ಕಣವ್ವ” ಎಂದೆ. ಅವಳು ನಂಬಲಿಲ್ಲ. ಅದಕ್ಕೇ ಈ ವಾರ ಅದೇ ಮಾತು.

ಗಾಳಿಗೂ ತೂಕವಿದೆ. ನಮ್ಮ ಮೇಲಿರುವ ಗಾಳಿಯೆಲ್ಲ ಕೆಳಕ್ಕೆ ಒತ್ತುತ್ತದೆ. ಸಮುದ್ರದ ದಡದಲ್ಲಿ ಈ ಒತ್ತಡ ಸುಮಾರು 1013 ಹೆಕ್ಟೊಪಾಸ್ಕಲ್. ಮೇಲೇರಿದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಬೆಂಗಳೂರಿನಲ್ಲಿ ಅದು 910ರ ಆಸುಪಾಸು. 35,000 ಅಡಿ ಎತ್ತರದಲ್ಲಿ ಸುಮಾರು 240.

ವಿಮಾನದ ಮೈಯ ಪಕ್ಕದಲ್ಲಿ ಸಣ್ಣ ತೂತುಗಳಿವೆ. ಎದುರುಗಾಳಿ ಅವುಗಳೊಳಗೆ ನೇರವಾಗಿ ನುಗ್ಗುವುದಿಲ್ಲ. ಸುತ್ತಲಿನ ಗಾಳಿಯ ಒತ್ತಡ ಮಾತ್ರ ಒಳಗೆ ತಲುಪುತ್ತದೆ. ಅದನ್ನು ಅಳೆದು ಎತ್ತರಮಾಪಕ ಎತ್ತರ ಹೇಳುತ್ತದೆ. ಆದರೆ ಮಳೆ, ಬಿಸಿಲಿನ ಜೊತೆ ಒತ್ತಡವೂ ದಿನದಿಂದ ದಿನಕ್ಕೆ ಬದಲಾಗುತ್ತದಲ್ಲ? ಆದ್ದರಿಂದ ಇಳಿಯುವ ಮೊದಲು ನಿಲ್ದಾಣದವರು ಆ ಹೊತ್ತಿನ ಒತ್ತಡದ ಲೆಕ್ಕ ತಿಳಿಸುತ್ತಾರೆ, ಪೈಲಟ್ ಮಾಪಕವನ್ನು ಅದಕ್ಕೆ ಹೊಂದಿಸುತ್ತಾರೆ. ಹಾಗೆ ಹೊಂದಿಸಿದ ಮಾಪಕ ತೋರಿಸುವುದು ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಎತ್ತರ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಇರುವುದೇ 915 ಮೀಟರ್ ಮೇಲೆ. ಹಾಗಾಗಿ ವಿಮಾನ ಅಲ್ಲಿ ನೆಲದ ಮೇಲೆ ನಿಂತಿದ್ದರೂ ಮಾಪಕ ಸುಮಾರು 3,000 ಅಡಿ ಎನ್ನುತ್ತದೆ!

ಇನ್ನು ವೇಗ. ಸೈಕಲ್‌ನಲ್ಲಿ ಇಳಿಜಾರಿನಲ್ಲಿ ಬರುವಾಗ ಗಾಳಿ ಮುಖಕ್ಕೆ ರಾಚುತ್ತದೆ. ವೇಗ ಹೆಚ್ಚಿದಷ್ಟೂ ರಾಚುವುದು ಜೋರು. ವಿಮಾನದ ಮೂತಿಯ ಬಳಿ ಮುಂದಕ್ಕೆ ಬಾಯಿ ತೆರೆದ ಪುಟ್ಟ ಕೊಳವೆಯೊಂದು ಈ ರಾಚುವ ಒತ್ತಡವನ್ನು ಹಿಡಿಯುತ್ತದೆ. ಪಕ್ಕದ ತೂತಿನ ಒತ್ತಡವನ್ನು ಇದರಿಂದ ಕಳೆದರೆ ಉಳಿಯುವುದೇ ವೇಗದ ಸುಳಿವು. 1732ರಲ್ಲಿ ಫ್ರಾನ್ಸಿನ ಆನ್ರಿ ಪಿಟೊ ಇಂಥ ಕೊಳವೆಯಿಂದ ಪ್ಯಾರಿಸ್‌ನ ಸೇನ್ ನದಿಯ ಹರಿವನ್ನು ಅಳೆದಿದ್ದ. ಹಾಗಾಗಿ ಇದರ ಹೆಸರು ಪಿಟೊ ಕೊಳವೆ.

ಈ ಕೊಳವೆ ಕಟ್ಟಿಕೊಂಡರೆ? 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಲ್ಲಿ ಹೊರಟ ಬರ್ಗೆನ್‌ಏರ್ ವಿಮಾನದಲ್ಲಿ ಹಾಗೇ ಆಯಿತು. ಹಲವು ದಿನ ಹಾರದೆ ನಿಂತಿದ್ದ ಆ ವಿಮಾನದ ಕೊಳವೆಯೊಳಗೆ ಕುಂಬಾರ ಹುಳು ಗೂಡು ಕಟ್ಟಿರಬೇಕೆಂದು ತನಿಖೆಯಲ್ಲಿ ಊಹಿಸಿದರು. ನಮ್ಮ ಗೋಡೆಯ ಸಂದಿನಲ್ಲಿ ಮಣ್ಣಿನ ಗೂಡು ಮೆತ್ತುತ್ತದಲ್ಲ, ಅಂಥದೇ ಹುಳು. ಕೊಳವೆಯಲ್ಲಿ ಸಿಕ್ಕಿಬಿದ್ದ ಒತ್ತಡ ಹಾಗೇ ಉಳಿಯಿತು. ವಿಮಾನ ಏರಿದಂತೆ ಪಕ್ಕದ ತೂತಿನ ಒತ್ತಡ ಇಳಿಯಿತು. ವ್ಯತ್ಯಾಸ ಹೆಚ್ಚಿದ್ದರಿಂದ ಕ್ಯಾಪ್ಟನ್‌ನ ಮಾಪಕ ಇಲ್ಲದ ವೇಗವನ್ನು ತೋರಿಸಿತು. ನಿಜವಾದ ವೇಗ ಕುಸಿದು ವಿಮಾನ ಸಮುದ್ರಕ್ಕೆ ಬಿತ್ತು. 189 ಮಂದಿ ಸತ್ತರು. ಸಹಪೈಲಟ್‌ನ ಮಾಪಕ ಸರಿಯಾಗಿಯೇ ಇತ್ತು. ಗಾಬರಿಯಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯಲಿಲ್ಲ.

ಅದಕ್ಕೇ ದೊಡ್ಡ ವಿಮಾನದಲ್ಲಿ ಇಂಥ ಕೊಳವೆಗಳು ಒಂದಕ್ಕಿಂತ ಹೆಚ್ಚು ಇರುತ್ತವೆ, ಒಂದರ ಲೆಕ್ಕವನ್ನು ಇನ್ನೊಂದರ ಜೊತೆ ತಾಳೆ ನೋಡಬೇಕು. ಮಂಜುಗಟ್ಟದಂತೆ ಒಳಗೇ ಬಿಸಿ ಮಾಡುವ ತಂತಿ ಇರುತ್ತದೆ. ವಿಮಾನ ನಿಂತಿರುವಾಗ ಕೊಳವೆಗೆ ಕವಚ ಹಾಕಿ ಕೆಂಪು ಪಟ್ಟಿ ಇಳಿಬಿಡುತ್ತಾರೆ. ಹೊರಡುವ ಮುನ್ನ ವಿಮಾನದ ಸುತ್ತ ಒಂದು ಸುತ್ತು ಬಂದು, ಕವಚ ತೆಗೆದಿದೆಯೇ, ತೂತು ತೆರೆದಿದೆಯೇ ಎಂದು ಕಣ್ಣಾರೆ ನೋಡುತ್ತಾರೆ.

ಇಷ್ಟು ಕೇಳಿದ ಮೊಮ್ಮಗಳು, “ಊಜಿ ನೊಣ ಬರದಂತೆ ಹುಳದ ಮನೆಗೆ ಬಲೆ ಕಟ್ಟಿದ ಹಂಗೆ ಅನ್ನು” ಎಂದಳು. ಹೌದು ಎಂದೆ. ಬಲೆ ಹರಿದಿದೆಯೇನೋ ನೋಡಿ ಬರುತ್ತೇನೆ ಎಂದು ಎದ್ದು ಓಡಿದಳು.