ಬೋರ್ನೊದ ಟೋಪಿಗೆ ಕಾರ್ಖಾನೆ ಬೇಡ, ಬೆಲೆ ಬೇಕು

ನೈಜೀರಿಯಾದ ಈಶಾನ್ಯಕ್ಕಿರುವ ಬೋರ್ನೊ ರಾಜ್ಯ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಬೊಕೊ ಹರಾಮ್ ಉಗ್ರರ ಸುದ್ದಿಯಲ್ಲಿ ಮಾತ್ರ. 2009ರಲ್ಲಿ ಶುರುವಾದ ಆ ಹಿಂಸೆ ಈಶಾನ್ಯ ನೈಜೀರಿಯಾದ 20 ಲಕ್ಷಕ್ಕೂ ಹೆಚ್ಚು ಜನರನ್ನು ಊರು ಬಿಡಿಸಿತು. ಆದರೆ ಬೋರ್ನೊದ ರಾಜಧಾನಿ ಮೈದುಗುರಿಗೆ ಇನ್ನೊಂದು ಖ್ಯಾತಿಯೂ ಇದೆ. ಅದು ಕನೂರಿ ಜನರ ಕೈಕಸೂತಿಯ ಟೋಪಿಯಿಂದ ಬಂದದ್ದು.

ಉತ್ತರ ನೈಜೀರಿಯಾದಲ್ಲಿ ಮದುವೆಗೋ ಹಬ್ಬದ ನಮಾಜಿಗೋ ಹೊರಟ ಗಂಡಸಿನ ಉಡುಪು ಟೋಪಿಯಿಲ್ಲದೆ ಪೂರ್ತಿಯಾಗದು. ಅದರಲ್ಲಿ ಹೆಸರಾದ ಒಂದು ಬಗೆಯನ್ನು ‘ಝನ್ನಾ ಬುಕಾರ್’ ಎಂದೇ ಕರೆಯುತ್ತಾರೆ. ಬೋರ್ನೊದ ಝನ್ನಾ ಬುಕಾರ್ ಡಿಪ್ಚರಿಮಾ ನೈಜೀರಿಯಾದ ಕೇಂದ್ರ ಸಚಿವರಾಗಿದ್ದವರು. 1966ರ ಜನವರಿಯ ಕ್ಷಿಪ್ರಕ್ರಾಂತಿಯ ಹೊತ್ತಿನಲ್ಲಿ ಸಂಪುಟದ ಅಧ್ಯಕ್ಷತೆ ವಹಿಸಿದ್ದವರು. ರಾಜಕಾರಣಿಯ ಹೆಸರನ್ನು ಜನ ಟೋಪಿಯಲ್ಲಿ ಉಳಿಸಿಕೊಂಡಿದ್ದಾರೆ.

ಈ ಟೋಪಿಯ ಕೆಲಸ ಬಹಳ ನಿಧಾನದ್ದು. ನೆತ್ತಿಗೆ ಒಂದು ದುಂಡನೆಯ ಬಿಲ್ಲೆ, ಸುತ್ತ ಒಂದು ಪಟ್ಟಿ. ಬಟ್ಟೆಯ ಮೇಲೆ ಮೊದಲು ಚಿತ್ತಾರ ಬರೆದುಕೊಂಡು, ಬಣ್ಣದ ನೂಲಿನಲ್ಲಿ ಒತ್ತೊತ್ತಾಗಿ ಕಸೂತಿ ತುಂಬುತ್ತಾರೆ. ನಯವಾದ ಒಂದು ಟೋಪಿ ಮುಗಿಯಲು ವಾರಗಳೇ ಬೇಕು, ಕೆಲವಕ್ಕೆ ತಿಂಗಳುಗಳು. ಅದನ್ನು ಒಗೆದು, ಗಂಜಿ ಹಾಕಿ, ಅಚ್ಚಿನ ಮೇಲಿಟ್ಟು ಒಣಗಿಸಿ ಬಿಗಿಗೊಳಿಸುವುದೇ ಬೇರೆ ಕಸುಬು. ಒಂದು ಟೋಪಿಯಿಂದ ಹಲವರ ಮನೆಯ ಒಲೆ ಉರಿಯುತ್ತದೆ.

ಈ ಕಸುಬಿಗೆ ಜಮೀನು ಬೇಡ, ವಿದ್ಯುತ್ ಬೇಡ. ಹೊಲ ಬಿಟ್ಟು ಓಡಿಬಂದ ಹೆಂಗಸರು, ಗಂಡನನ್ನು ಕಳೆದುಕೊಂಡವರು ಮೈದುಗುರಿಯ ನಿರಾಶ್ರಿತರ ಶಿಬಿರಗಳಲ್ಲಿ ಸೂಜಿ ಹಿಡಿದು ಮಕ್ಕಳನ್ನು ಸಾಕಿದ್ದಾರೆ. ಆದರೆ ನೂಲು, ಬಟ್ಟೆ ಕೊಳ್ಳಲು ಕೈಯಲ್ಲಿ ಕಾಸಿಲ್ಲದವರು ವ್ಯಾಪಾರಿ ಹೇಳಿದ ಕೂಲಿಗೇ ಒಪ್ಪಬೇಕು. ಮಾರುಕಟ್ಟೆಯಲ್ಲಿ ಟೋಪಿಯ ಬೆಲೆ ಏರಿದರೂ ಲಾಭ ಅವರವರೆಗೆ ಬರುವುದಿಲ್ಲ.

ಇದನ್ನು ಉದ್ಯಮವಾಗಿ ಬೆಳೆಸಬೇಕು ಎಂದ ಕೂಡಲೇ ಯಂತ್ರದ ಮಾತು ಬರುತ್ತದೆ. ಅದು ತಪ್ಪು ದಾರಿ. ಅಗ್ಗದ ಯಂತ್ರದ ಟೋಪಿಗಳು ಪೇಟೆಯಲ್ಲಿ ಈಗಾಗಲೇ ಇವೆ. ಬೆಲೆಯಲ್ಲಿ ಅವುಗಳ ಜೊತೆ ಪೈಪೋಟಿಗಿಳಿದರೆ ಬೋರ್ನೊ ಸೋಲುತ್ತದೆ. ಕನೂರಿ ಟೋಪಿಗೆ ಜನ ಹೆಚ್ಚು ಹಣ ಕೊಡುವುದು ಅದು ಕೈಕೆಲಸವೆಂಬ ಕಾರಣಕ್ಕೇ.

ಹಾಗಾಗಿ ಮೊದಲು ಆಗಬೇಕಾದದ್ದು ಹೊಲಿಯುವವರದೇ ಸಹಕಾರ ಸಂಘ. ಸಗಟು ದರದಲ್ಲಿ ನೂಲು, ಸಣ್ಣ ಸಾಲ, ಕೆಲಸಕ್ಕೆ ತಕ್ಕ ಕನಿಷ್ಠ ಕೂಲಿ ಅಲ್ಲಿ ಸಿಗಬೇಕು. ನಮ್ಮ ಕರ್ನಾಟಕದ ಕಸೂತಿಗೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅಸಲಿ ಯಾವುದು, ನಕಲಿ ಯಾವುದು ಎಂದು ಕೊಳ್ಳುವವನಿಗೆ ತಿಳಿಸುವ ಅಂಥ ಗುರುತು ಬೋರ್ನೊದ ಟೋಪಿಗೂ ಇರಬೇಕು. ನೈಜರ್, ಚಾಡ್, ಕ್ಯಾಮರೂನ್‌ಗಳಲ್ಲೂ ಕನೂರಿಗಳಿದ್ದಾರೆ. ಮಾರುಕಟ್ಟೆ ಗಡಿಯಾಚೆಗೂ ಇದೆ.

ಹಿಂಸೆಯಿಂದ ನೊಂದ ನಾಡಿಗೆ ಪರಿಹಾರಧಾನ್ಯ ಕೆಲವು ಕಾಲ ಬೇಕು, ದುಡಿಮೆ ಎಲ್ಲ ಕಾಲಕ್ಕೂ ಬೇಕು. ಬೋರ್ನೊಗೆ ನೆರವಾಗುವ ಸರ್ಕಾರಗಳೂ ಸಂಸ್ಥೆಗಳೂ ಆ ಹೆಂಗಸರಿಗೆ ಹೊಸ ಕಸುಬು ಕಲಿಸಲು ಹೋಗದೆ, ಅವರಿಗೆ ಗೊತ್ತಿರುವ ಕಸುಬಿಗೆ ನ್ಯಾಯವಾದ ಬೆಲೆ ಕೊಡಿಸಲಿ.