ಪಟ್ಟಿಯಲ್ಲಿಲ್ಲದ ದಾರಿ

1942ರ ಚಲೇಜಾವ್ ಚಳವಳಿಯಲ್ಲಿ ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಾಗ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಅದರ ಬಲವಿದ್ದುದು ಯಂತ್ರದಲ್ಲಲ್ಲ, ವಿಳಾಸ ಪೋಲೀಸರ ಕೈಗೆ ಸಿಗದಿದ್ದುದರಲ್ಲಿ. ಸ್ಥಳ ಬದಲಿಸುತ್ತ ಬದಲಿಸುತ್ತ ಅದು ಆಗಸ್ಟಿನಿಂದ ನವೆಂಬರಿನವರೆಗೆ ಬದುಕಿತು. ವಿಳಾಸ ತಿಳಿಯಿತು, ಅಲ್ಲಿಗೆ ಮುಗಿಯಿತು.

ಇಂದಿನ ಅಂತರ್ಜಾಲದಲ್ಲಿಯೂ ಇದೇ ಯುಕ್ತಿ ನಡೆದಿದೆ. ಟಾರ್ ಎಂಬ ಜಾಲದಲ್ಲಿ ನಮ್ಮ ಕೋರಿಕೆಯು ಮೂರು ನಿಲ್ದಾಣಗಳನ್ನು ದಾಟಿ ಹೋಗುತ್ತದೆ. ಕೇಳಿದವರಾರು, ಕೇಳಿದ್ದೇನು ಎಂಬೆರಡೂ ಯಾವೊಂದು ನಿಲ್ದಾಣಕ್ಕೂ ಒಟ್ಟಿಗೆ ತಿಳಿಯುವುದಿಲ್ಲ. ಆದರೆ ಈ ನಿಲ್ದಾಣಗಳ ಪಟ್ಟಿ ಬಹಿರಂಗವಾದುದು. ಪಟ್ಟಿ ಹಿಡಿದು ಸರಕಾರವೊಂದು ಎಲ್ಲವನ್ನೂ ಒಮ್ಮೆಲೇ ಮುಚ್ಚಬಲ್ಲದು. ಅದಕ್ಕಾಗಿಯೇ ಪಟ್ಟಿಗೆ ಸೇರದ ಕೆಲವು ನಿಲ್ದಾಣಗಳುಂಟು. ಇವಕ್ಕೆ ಬ್ರಿಜ್ ಎನ್ನುತ್ತಾರೆ. ಕೇಳಿದವರಿಗೆ ಕೆಲವೇ ವಿಳಾಸ ಕೊಡುತ್ತಾರೆ, ಎಲ್ಲವನ್ನೂ ಯಾರಿಗೂ ಕೊಡುವುದಿಲ್ಲ. ಬೆಣ್ಣಿಹಳ್ಳ ಬಂದು ಸಡಕು ಮುಚ್ಚಿದಾಗ ನಕ್ಷೆಯಲ್ಲಿಲ್ಲದ ಬಂಡಿದಾರಿಯನ್ನು ಊರವರೇ ತೋರಿಸಬೇಕಲ್ಲವೇ? ಹಾಗೆ. 2021ರ ಡಿಸೆಂಬರಿನಲ್ಲಿ ರಶಿಯಾ ಟಾರನ್ನು ತಡೆಯತೊಡಗಿದಾಗ ಹೊಸ ಬ್ರಿಜ್‌ಗಳನ್ನು ನಡೆಸಿರೆಂದು ಸ್ವಯಂಸೇವಕರಿಗೆ ಕರೆ ಹೋಯಿತು. ಸ್ನೋಫ್ಲೇಕ್ ಎಂಬ ಬಗೆಯಲ್ಲಂತೂ ಯಾರೋ ಸಾಮಾನ್ಯನ ಬ್ರೌಸರೇ ಕೆಲಹೊತ್ತು ಸೇತುವೆಯಾಗುತ್ತದೆ. ಮುಖ ಕಾಣದವನಿಗೆ ದಾರಿ ಬಿಡುವ ಈ ಔದಾರ್ಯ ನನಗೆ ಬಹಳ ಹಿಡಿಸಿತು.

ಕಳ್ಳರಿಗೂ ಇದು ದಾರಿಯಲ್ಲವೇ ಎಂದು ಗುರುಗಳು ಕೇಳಬಹುದು. ನಿಜವೇ. ಆದರೆ ಹಾಲು ಮಾರುವವನೂ ಕಳ್ಳನೂ ಒಂದೇ ಸಡಕಿನಲ್ಲಿ ನಡೆಯುತ್ತಾರೆ. ಅದಕ್ಕಾಗಿ ಸಡಕು ಅಗೆಯುವವರಿಲ್ಲ. ನಮ್ಮ ದೇಶದಲ್ಲಿಯಂತೂ 2009ರ ನಿಯಮಗಳ ಪ್ರಕಾರ ಜಾಲತಾಣ ತಡೆಯುವ ಕ್ರಮಗಳೇ ಗೋಪ್ಯ. ಯಾವುದನ್ನು ಏಕೆ ಮುಚ್ಚಿದರೆಂಬುದು ಓದುಗನಿಗೆ ತಿಳಿಯದು. ಇಂಥ ಆಜ್ಞೆಗಳ ವಿರುದ್ಧ ಟ್ವಿಟರ್ ಕಂಪನಿ ಸಲ್ಲಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಡನೆ ತಳ್ಳಿಹಾಕಿತು. ಮುಚ್ಚುವವನ ಹೆಸರು ಮರೆಯಲ್ಲಿ, ಓದುವವನ ಹೆಸರು ಮಾತ್ರ ದಫ್ತರದಲ್ಲಿ! ಇದಾವ ನ್ಯಾಯ?

ಹಾಗೆಂದು ಬ್ರಿಜ್ ಎಲ್ಲ ರೋಗಕ್ಕೂ ಮದ್ದಲ್ಲ. 2019ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಅಂತರ್ಜಾಲವನ್ನೇ ನಿಲ್ಲಿಸಿದರು. ಎತ್ತುಗಳನ್ನೇ ಹೊಡೆದುಕೊಂಡು ಹೋದ ಮೇಲೆ ಬಂಡಿದಾರಿಯಿಂದೇನು? ಅಂಥ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರ ಜನವರಿ 10ರಂದು ಹೇಳಿದೆ. ಜಾಲತಾಣ ಮುಚ್ಚುವ ಆಜ್ಞೆಗಳಿಗೂ ಇದೇ ನಿಯಮ ಬರಲಿ ಎಂಬುದು ನನ್ನ ವಾದ. ಅಲ್ಲಿಯವರೆಗೆ ಬ್ರಿಜ್ ನಡೆಸುವವನನ್ನು ಅಪರಾಧಿಯೆಂದು ಕರೆಯಲು ನಾನು ಸಿದ್ಧನಿಲ್ಲ.